ಸಹಾಯ ಬೇಕು: ಸೈಡ್ ಪೋಶ್ಚರ್ ಅಡ್ಜಸ್ಟ್‌ಮೆಂಟ್ ಕೈಗೆ ಕೂರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವಳು. ಬಿಪಿಟಿ (ಫಿಸಿಯೋಥೆರಪಿ ಪದವಿ) ಮುಗಿಸಿ ಈಗ ಅಮೆರಿಕದಲ್ಲಿ ಕೈರೋಪ್ರಾಕ್ಟಿಕ್ (ಬೆನ್ನುಮೂಳೆ, ಕೀಲುಗಳಿಗೆ ಕೈಯಿಂದ ಮಾಡುವ ಚಿಕಿತ್ಸೆ) ಓದುತ್ತಿದ್ದೇನೆ, ಎರಡನೇ ವರ್ಷ. ಅನಾಟಮಿ, ಎಕ್ಸ್‌ರೇ ಎಲ್ಲ ಪರವಾಗಿಲ್ಲ. ಸಿಕ್ಕಿಹಾಕಿಕೊಂಡಿರುವುದು ಸೊಂಟದ ಅಡ್ಜಸ್ಟ್‌ಮೆಂಟ್‌ನಲ್ಲಿ, ಅಂದರೆ ಮಗ್ಗುಲಾಗಿ ಮಲಗಿಸಿ ಸೊಂಟದ ಕೀಲಿಗೆ ಕೈಯಿಂದ ಚುರುಕಾಗಿ ಒತ್ತು ಕೊಡುವುದರಲ್ಲಿ.

ನಾನು 48 ಕೆಜಿ. ಲ್ಯಾಬ್‌ನ ಜೊತೆಗಾರ 95 ಕೆಜಿ! ಅವನನ್ನು ಮಗ್ಗುಲಾಗಿ ಮಲಗಿಸಿ, ಮೇಲಿನ ಕಾಲು ಮಡಚಿ, ಎಲ್4 (ಸೊಂಟದ ನಾಲ್ಕನೇ ಬೆನ್ನೆಲುಬು) ಪಕ್ಕದಲ್ಲಿ ಅಂಗೈ ಬುಡ ಇಟ್ಟು ಸ್ಲ್ಯಾಕ್ ತೆಗೆಯುವವರೆಗೆ (ಕೀಲಿನ ಸಡಿಲು ಹೋಗಿ ಬಿಗಿಯಾಗುವವರೆಗೆ) ಸರಿ ಇರುತ್ತದೆ. ಥ್ರಸ್ಟ್ (ಆ ಚುರುಕಾದ ಒತ್ತು) ಕೊಡುವ ಕ್ಷಣದಲ್ಲಿ ನನ್ನ ಮೈ ಸ್ವಲ್ಪ ಹಿಂದಕ್ಕೆ ಹೋಗುತ್ತದೆ, ಬಿಗಿ ಸಡಿಲವಾಗುತ್ತದೆ. ಆಮೇಲೆ ಆಗುವುದು ಸುಮ್ನೆ ತಳ್ಳಿದ ಹಾಗೆ. ಕೀಲು ‘ಟಕ್’ ಅನ್ನಲೇಬೇಕು ಅಂತೇನಿಲ್ಲ, ಗೊತ್ತು. ಆದರೆ ವೇಗವೇ ಇಲ್ಲ.

ಟೇಬಲ್ ತಗ್ಗಿಸಿ ನೋಡಿದೆ. ಫೋಮ್ ಮೇಲೆ ದಿನಾ ಅರ್ಧ ಗಂಟೆ ಅಭ್ಯಾಸ ಮಾಡುತ್ತೇನೆ, ಅಲ್ಲಿ ಚೆನ್ನಾಗಿ ಬರುತ್ತದೆ. ಬಿಪಿಟಿಯಲ್ಲಿ ಕಲಿತ ಮೊಬಿಲೈಸೇಶನ್‌ನ (ಕೀಲನ್ನು ಮೆಲ್ಲಗೆ ಆಡಿಸುವ) ಕೈಯೇ ಅಡ್ಡ ಬರುತ್ತಿದೆಯೇನೋ. ಒಬ್ಬ ಮೇಷ್ಟ್ರು ‘ಕೈಯಿಂದ ಕೊಡು’ ಅನ್ನುತ್ತಾರೆ, ಇನ್ನೊಬ್ಬರು ‘ಕೈ ಆಡಿಸಬೇಡ, ಮೈಯನ್ನು ಕೆಳಕ್ಕೆ ಬಿಡು’ ಅನ್ನುತ್ತಾರೆ. ಜಾಸ್ತಿ ಜೋರು ಹಾಕಲು ಭಯ.

ಸಣ್ಣ ಮೈಕಟ್ಟಿನ ಕೈರೋಪ್ರಾಕ್ಟರ್‌ಗಳು ಇದ್ದರೆ ಹೇಳಿ: ಸ್ಲ್ಯಾಕ್ ತೆಗೆದ ಮೇಲೆ ಬಿಗಿ ಬಿಡದೆ ಥ್ರಸ್ಟ್‌ಗೆ ಹೋಗುವುದು ಹೇಗೆ? ಮೊದಲು ಇಳಿಯಬೇಕಾದ್ದು ನನ್ನ ಎದೆಯೋ, ಸೊಂಟವೋ?