ಎಲೆ ಹಂಚುವವರು ತಪ್ಪಿದರೆ ಏನು ಮಾಡಬೇಕು? ಡೀಲರ್ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ದೀಪಾವಳಿ ಆಸುಪಾಸಿನಲ್ಲಿ ನಮ್ಮ ಗುಂಪಿನ ಕೆಲವು ಸಂಘಗಳು ಸಹಾಯಾರ್ಥ ಕ್ಯಾಸಿನೊ ರಾತ್ರಿ ಇಟ್ಟುಕೊಂಡಿವೆ. ಪ್ರವೇಶದ ದೇಣಿಗೆ ಪೂರ್ತಿ ಡಯಾಲಿಸಿಸ್ ರೋಗಿಗಳ ನಿಧಿಗೆ ಹೋಗುತ್ತದೆ. ಒಳಗೆ ಬಂದವರಿಗೆಲ್ಲ ಸಮನಾಗಿ ಪ್ಲಾಸ್ಟಿಕ್ ಚಿಪ್. ಇಸ್ಪೀಟಿನ ಎಲೆ ಹಂಚುವವರು, ಅಂದರೆ ಡೀಲರ್‌ಗಳು, ನಮ್ಮ ಕಾಲೇಜು ಹುಡುಗ ಹುಡುಗಿಯರೇ, ಹಾಗಾಗಿ ತಪ್ಪು ಆಗಿಯೇ ಆಗುತ್ತದೆ. ಹೋದ ವರ್ಷ ಅದರಿಂದ ಜಗಳವೂ ಆಗಿತ್ತು. ಪಣಜಿಯಲ್ಲಿ ಮಾಂಡೋವಿ ನದಿಯ ಹಡಗಿನ ಕ್ಯಾಸಿನೊದಲ್ಲಿ ಡೀಲರ್ ಆಗಿ, ಆಮೇಲೆ ಟೇಬಲ್‌ಗಳ ಉಸ್ತುವಾರಿ ನೋಡುವ ಪಿಟ್ ಸೂಪರ್‌ವೈಸರ್ ಆಗಿ ಕೆಲಸ ಮಾಡಿ ಈಗ ಧಾರವಾಡಕ್ಕೆ ಬಂದಿರುವ ಮೇಡಂ ಇಂದು ಸಂಜೆ ಉತ್ತರ ಕೊಡುತ್ತಾರೆ. ಹೆಸರು ಬೇಡ, ಊರು ಅಥವಾ ಬಡಾವಣೆ ಬರೆದು ಕೇಳಿ.

ಕೇಶ್ವಾಪುರ: ಮೇಡಂ, 21ರ ಆಟದಲ್ಲಿ, ಅಂದರೆ 21 ದಾಟದೆ ಡೀಲರ್‌ಗಿಂತ ಹೆಚ್ಚು ಮಾಡಬೇಕಾದ ಬ್ಲ್ಯಾಕ್‌ಜ್ಯಾಕ್‌ನಲ್ಲಿ, ಡೀಲರ್ ಕೈಯಲ್ಲಿ 17 ಆಗಿತ್ತು. ಹುಡುಗ ಮರೆತು ಇನ್ನೊಂದು ಎಲೆ ಎಳೆದ. 4 ಬಂತು, 21 ಆಯಿತು. ಎಲ್ಲರ ಚಿಪ್ ಬಾಚಿಕೊಂಡ. ಇದು ಸರಿಯಾ?

ಡೀಲರ್ ಮೇಡಂ: ಸರಿಯಲ್ಲ. ಆಟಗಾರನಿಗೆ ಆಯ್ಕೆ ಇದೆ, ಡೀಲರ್‌ಗೆ ಇಲ್ಲ. 16ರವರೆಗೆ ಎಳೆಯಲೇಬೇಕು, 17ಕ್ಕೆ ನಿಲ್ಲಲೇಬೇಕು. ತಪ್ಪಿ ಎಳೆದ ಎಲೆ ಲೆಕ್ಕಕ್ಕಿಲ್ಲ, ಅದನ್ನು ಪಕ್ಕಕ್ಕೆ ಹಾಕಬೇಕು. ಅಮೆರಿಕದ ನ್ಯೂಜೆರ್ಸಿ ರಾಜ್ಯದ ಕ್ಯಾಸಿನೊ ನಿಯಮದಲ್ಲೂ ಹೀಗೇ ಬರೆದಿದೆ. ಡೀಲರ್‌ಗೆ 17 ಅಂತಲೇ ಹಿಡಿದು 18, 19, 20, 21 ಇದ್ದವರಿಗೆ ಗೆದ್ದದ್ದು ಕೊಡಿ. 17 ಇದ್ದವರ ಚಿಪ್ ಅವರಿಗೇ ವಾಪಸ್. ಎಕ್ಕವನ್ನು 11 ಅಂತ ಹಿಡಿದು 6 ಸೇರಿ 17 ಆದರೆ ನಿಲ್ಲಬೇಕೋ ಎಳೆಯಬೇಕೋ ಅನ್ನೋದು ಒಂದೊಂದು ಕಡೆ ಒಂದೊಂದು ರೀತಿ. ನಿಮ್ಮದು ಯಾವುದು ಅಂತ ಆಟಕ್ಕೆ ಮೊದಲೇ ಬರೆದು ಟೇಬಲ್ ಮೇಲೆ ಇಡಿ.

ವಿದ್ಯಾನಗರ: ಏನೇ ತಪ್ಪಾಗಲಿ, ಆ ಕೈ ರದ್ದು ಮಾಡಿ ಎಲ್ಲರ ಚಿಪ್ ವಾಪಸ್ ಕೊಟ್ಟರೆ ಮುಗೀತಲ್ವಾ?

ಡೀಲರ್ ಮೇಡಂ: ಮುಗಿಯೋದಿಲ್ಲ. ಮೊದಲ ಎರಡು ಎಲೆಯೇ ಎಕ್ಕ ಮತ್ತು ರಾಜ ಬಂದು, 21 ಆಗಿ, ಬ್ಲ್ಯಾಕ್‌ಜ್ಯಾಕ್ ಆದವನ ಕೈಯನ್ನು, ಪಕ್ಕದವನ ಎಲೆ ತಪ್ಪಿತು ಅಂತ ರದ್ದು ಮಾಡಿದರೆ ಅವನು ಏನು ಪಾಪ ಮಾಡಿದ್ದ? ತಪ್ಪು ಯಾರನ್ನು ಮುಟ್ಟಿತೋ ಅವರಿಗೆ ಮಾತ್ರ ಪರಿಹಾರ. ಮೊದಲ ಎರಡು ಎಲೆ ಹಂಚುವಾಗಲೇ ಎಡವಟ್ಟಾಗಿ, ಯಾರ ಎಲೆ ಯಾರಿಗೆ ಹೋಯಿತು ಅಂತಲೇ ಗೊತ್ತಾಗದಿದ್ದರೆ ಆಗ ಪೂರ್ತಿ ರದ್ದು ಮಾಡಿ.

ಗೋಕುಲ ರೋಡ್: ಅಕ್ಕಾ, ನನಗೆ ಒಂದು ಫಾರ್ವರ್ಡ್ ಬಂದಿದೆ. ‘ಡೀಲರ್ ತಪ್ಪು ಮಾಡಿದರೆ ಆ ಟೇಬಲ್‌ನಲ್ಲಿ ಕುಳಿತ ಎಲ್ಲರಿಗೂ ಡಬಲ್ ಕೊಡಬೇಕು. ಲಾಸ್ ವೇಗಾಸ್ ಕಾನೂನು. 10 ಗುಂಪಿಗೆ ಕಳಿಸಿ.’ ನಾವೂ ಇದನ್ನೇ ಇಟ್ಟುಕೊಳ್ಳೋಣವಾ?

ಡೀಲರ್ ಮೇಡಂ: ಬೇಡ. ಅಂಥ ಕಾನೂನು ಇಲ್ಲ. ತಪ್ಪಿಗೆ ಡಬಲ್ ಅಂತ ಬೋರ್ಡ್ ಹಾಕಿದರೆ ಜನ ಆಟ ಬಿಟ್ಟು ಡೀಲರ್ ಯಾವಾಗ ಎಡವುತ್ತಾನೆ ಅಂತ ಕಾಯುತ್ತಾರೆ. ಮಾತಾಡಿಸಿ ಎಡವಿಸುತ್ತಾರೆ ಕೂಡ. ದಯವಿಟ್ಟು ಇದನ್ನು ಮುಂದಕ್ಕೆ ಕಳಿಸಬೇಡಿ.

ಸಪ್ತಾಪುರ, ಧಾರವಾಡ: ಮೇಡಂ, ಹೋದ ವರ್ಷ ಜಗಳ ಆದದ್ದು ನಮ್ಮ ಟೇಬಲ್‌ನಲ್ಲೇ. ಐದು ಜನ ಇದ್ದೆವು. ಡೀಲರ್‌ನ ತೆರೆದ ಎಲೆ 10. ಮೊದಲ ಇಬ್ಬರು 18 ಮತ್ತು 19ಕ್ಕೆ ನಿಂತರು. ಮೂರನೆಯವರ ಕೈಯಲ್ಲಿ 12, ಎಲೆ ಬೇಕು ಅಂತ ಟೇಬಲ್ ತಟ್ಟಿದರು. ಹುಡುಗಿ ನೋಡಲಿಲ್ಲ, ನಾಲ್ಕನೆಯವರ ಹತ್ತಿರ ಹೋದಳು. ಅವರದು 16. ಅವರೂ ತಟ್ಟಿದರು. 9 ಬಂತು, 25 ಆಗಿ ಹೋಯಿತು. ಮೂರನೆಯವರು ‘ಏ, ಅದು ನಂದು, ನನಗೆ 21 ಆಗ್ತಿತ್ತು’ ಅಂದರು. ಹುಡುಗಿ ಗಾಬರಿಯಾಗಿ ‘ತಡೀರಿ ಕಾಕಾ’ ಅಂದು ಮುಂದುವರಿಸಿದಳು. ಐದನೆಯವರು 20ಕ್ಕೆ ನಿಂತರು. ಡೀಲರ್ ಮುಚ್ಚಿದ ಎಲೆ 6, ಒಟ್ಟು 16. ಎಳೆದಳು, 5 ಬಂತು, 21. ಎಲ್ಲರೂ ಸೋತರು. ಆಮೇಲೆ ಯಾರೋ ಕಟ್ಟಿನ ಮೇಲಿನ ಎಲೆ ತಿರುವಿ ನೋಡಿದರು. ರಾಜ, ಅಂದರೆ 10! ಸರಿಯಾಗಿ ಹಂಚಿದ್ದರೆ ಮೂರನೆಯವರಿಗೆ 21, ನಾಲ್ಕನೆಯವರಿಗೆ 5 ಹೋಗಿ 21, ಡೀಲರ್‌ಗೆ ರಾಜ ಬಂದು 26. ಅಂದರೆ ಐದೂ ಜನ ಗೆಲ್ಲುತ್ತಿದ್ದರು. ಈಗಲೂ ಅವರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಡೀಲರ್ ಮೇಡಂ: ಇದಕ್ಕೆ ಸಮಾಧಾನವಾಗಿ ಬರೆಯುತ್ತೇನೆ, ಇದು ಬಹಳ ಒಳ್ಳೆಯ ಪ್ರಕರಣ.

ಮೊದಲು ಆ 9ರ ವಿಷಯ. ಕಾಕಾ ‘ಅದು ನಂದು’ ಅಂದ ಕೂಡಲೇ ಆಟ ನಿಲ್ಲಬೇಕಿತ್ತು. ಡೀಲರ್ ಎರಡೂ ಅಂಗೈ ತೋರಿಸಿ ಕೈ ಹಿಂದಕ್ಕೆ ತೆಗೆದುಕೊಂಡು ಸೂಪರ್‌ವೈಸರ್‌ರನ್ನು ಕರೆಯಬೇಕು. ಒಂದೇ ಎಲೆ ಹೊರಗೆ ಬಂದಿದೆ, ಸರದಿ ಎಲ್ಲಿ ತಪ್ಪಿತು ಅಂತ ಎಲ್ಲರಿಗೂ ಕಾಣುತ್ತಿದೆ. ಆಗ 9ನ್ನು ಸರದಿ ಪ್ರಕಾರ ಮೂರನೆಯವರಿಗೆ ಸರಿಸಿ, ನಾಲ್ಕನೆಯವರನ್ನು ಹೊಸದಾಗಿ ಕೇಳಬೇಕು: ಎಲೆ ಬೇಕಾ, ನಿಲ್ಲುತ್ತೀರಾ? ಅರ್ಧ ನಿಮಿಷದ ಕೆಲಸ. ಆ ಹುಡುಗಿ ಎಲೆ ತಪ್ಪು ಕೊಟ್ಟದ್ದು ದೊಡ್ಡದಲ್ಲ. ನಿಲ್ಲದೆ ಮುಂದುವರಿದದ್ದೇ ಜಗಳದ ಮೂಲ. ಅದಕ್ಕೂ ಅವಳು ಹೊಣೆಯಲ್ಲ. ನಿಲ್ಲಿಸಬಹುದು ಅಂತ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಲ್ವಾ?

ಈಗ ಕೈ ಮುಗಿದ ಮೇಲಿನ ಮಾತು. ನಾನು ಕೇಳುವುದು ಒಂದೇ ಪ್ರಶ್ನೆ: ತಪ್ಪಿನಿಂದ ಯಾರ ಆಯ್ಕೆ ಹೋಯಿತು? ಯಾರ ಎಲೆ ಹೋಯಿತು ಅಂತಲ್ಲ. ಕಟ್ಟಿನೊಳಗೆ ಮುಖ ಕೆಳಗಾಗಿ ಇರುವ ಎಲೆ ಯಾರ ಸ್ವತ್ತೂ ಅಲ್ಲ. ಮೂರನೆಯವರು ಎಲೆ ಕೇಳಿದರು, ಸಿಗಲಿಲ್ಲ. ಅವರ ಆಯ್ಕೆ ಹೋಯಿತು. ಅವರ ಚಿಪ್ ವಾಪಸ್. ನಾಲ್ಕನೆಯವರಿಗೆ ಸರದಿ ಬರುವ ಮುಂಚೆ ಎಲೆ ಬಂತು, ತಕರಾರೂ ಆಗಲೇ ಎದ್ದಿತ್ತು. ನಿಲ್ಲಿಸಿದ್ದರೆ ಅವರಿಗೆ ಹೊಸದಾಗಿ ಕೇಳುತ್ತಿದ್ದರು. ಅವರ ಚಿಪ್ ಕೂಡ ವಾಪಸ್. ಇಬ್ಬರಿಗೂ ಗೆದ್ದದ್ದು ಅಂತ ಏನೂ ಇಲ್ಲ, ಇಟ್ಟದ್ದು ಮಾತ್ರ.

1, 2 ಮತ್ತು 5ನೆಯವರು ತಮ್ಮ ಎಲೆ ನೋಡಿ, ಯೋಚಿಸಿ, ನಿಂತರು. ಅವರ ಆಯ್ಕೆಗೆ ಯಾರೂ ಕೈ ಹಾಕಲಿಲ್ಲ. ಡೀಲರ್‌ಗೆ ಬಂದ 5 ಎಷ್ಟು ಆಕಸ್ಮಿಕವೋ, ಬರಬೇಕಿದ್ದ ರಾಜನೂ ಅಷ್ಟೇ ಆಕಸ್ಮಿಕ. ಅವರು ಸೋತರು, ಅಷ್ಟೇ.

ರಾಜನನ್ನು ತಿರುವಿ ನೋಡಿದ್ದೇ ದೊಡ್ಡ ತಪ್ಪು. ಅಲ್ಲಿ ರಾಜನ ಬದಲು 3 ಇದ್ದಿದ್ದರೆ ಡೀಲರ್‌ಗೆ 19 ಆಗುತ್ತಿತ್ತು. ಆಗ 18 ಇದ್ದವರು ಸುಮ್ಮನಿರುತ್ತಿದ್ದರು, 19 ಮತ್ತು 20 ಇದ್ದವರು ಕೂಗುತ್ತಿದ್ದರು. ಮುಂದಿನ ಎಲೆ ನೋಡಿ ನ್ಯಾಯ ಕೇಳಿದರೆ ಪ್ರತಿಯೊಬ್ಬರೂ ತಮಗೆ ಬೇಕಾದ ನ್ಯಾಯ ಕೇಳುತ್ತಾರೆ. ತೀರ್ಪು ಆಗುವವರೆಗೆ ಕಟ್ಟಿನ ಮೇಲಿನ ಎಲೆಯನ್ನು ಯಾರೂ ಮುಟ್ಟಬಾರದು. ತೀರ್ಪು ಆದ ಮೇಲೂ ಮುಟ್ಟಬಾರದು.

ಇನ್ನೊಂದು ಮಾತು ಆ ಕಾಕಾನಿಗೆ ತಲುಪಿಸಿ. ಅವರು ಸರಿಯಾದ ಹೊತ್ತಿಗೆ ದನಿ ಎತ್ತಿದರು. ಅದು ಜಗಳಗಂಟತನ ಅಲ್ಲ. ಆಟಗಾರ ಮಾಡಬೇಕಾದ್ದು ಅದೇ.

ನವನಗರ: ನಾಲ್ಕನೆಯವರಿಗೆ ಯಾಕೆ ವಾಪಸ್? ತಾನೇ ತಟ್ಟಿದ, ತಾನೇ 25 ಮಾಡಿಕೊಂಡ.

ಸಪ್ತಾಪುರ: ಅವರ ಸರದಿಯೇ ಬಂದಿರಲಿಲ್ಲ ರೀ.

ನವನಗರ: ಸರದಿ ಬಂದಿಲ್ಲ ಅಂದ್ರೆ ಯಾಕೆ ತಟ್ಟಿದ? ಕಣ್ಣು ಎಲ್ಲಿಟ್ಟಿದ್ದ?

ಸಪ್ತಾಪುರ: ಡೀಲರ್ ಮುಂದೆ ಬಂದು ನಿಂತರೆ ಯಾರಾದರೂ ತಟ್ಟುತ್ತಾರೆ. ನೀವು ಅಲ್ಲಿ ಇರಲಿಲ್ಲ, ಸುಮ್ನೆ ಮಾತಾಡಬೇಡಿ.

ಡೀಲರ್ ಮೇಡಂ: ನವನಗರದವರ ಮಾತಿನಲ್ಲೂ ಹುರುಳಿದೆ. ಕಟ್ಟುನಿಟ್ಟಿನ ಕ್ಯಾಸಿನೊದಲ್ಲಿ ನಾಲ್ಕನೆಯ ಕೈ ಸೋತದ್ದೇ ಅಂತ ಹಿಡಿಯುವ ಸೂಪರ್‌ವೈಸರ್ ಇರುತ್ತಾರೆ. ಇಲ್ಲಿ ತಕರಾರು ಕೂಡಲೇ ಎದ್ದಿತ್ತು, ಹಾಗಾಗಿ ನಾನು ಕೊಡುತ್ತೇನೆ. ಯಾವುದಾದರೂ ಒಂದನ್ನು ಹಿಡಿಯಿರಿ. ರಾತ್ರಿ ಪೂರ್ತಿ ಎಲ್ಲ ಟೇಬಲ್‌ಗೂ ಅದೇ ಇರಲಿ.

ಗದಗ: ನಾವು ಪೋಕರ್ ಇಟ್ಟಿದ್ದೇವೆ. ಫ್ಲಾಪ್‌ಗೆ, ಅಂದರೆ ಎಲ್ಲರಿಗೂ ಸೇರಿ ಮೊದಲು ತೆರೆಯುವ ಎಲೆಗಳಿಗೆ, ಮೂರರ ಬದಲು ನಾಲ್ಕು ಎಲೆ ತೆರೆದುಬಿಟ್ಟರೆ?

ಡೀಲರ್ ಮೇಡಂ: ನಾಲ್ಕನ್ನೂ ಮುಖ ಕೆಳಗೆ ಮಾಡಿ ಕಲಸಿ. ಸೂಪರ್‌ವೈಸರ್ ನೋಡದೆ ಒಂದನ್ನು ಆರಿಸಬೇಕು. ಅದು ಮುಂದಿನ ಬರ್ನ್ ಎಲೆ, ಅಂದರೆ ಆಟಕ್ಕೆ ಸೇರಿಸದೆ ಪಕ್ಕಕ್ಕೆ ಹಾಕುವ ಎಲೆ. ಉಳಿದ ಮೂರು ಫ್ಲಾಪ್. ಪೋಕರ್ ಟೂರ್ನಿ ನಡೆಸುವವರ ಸಂಘವಾದ ಟಿಡಿಎಯ ನಿಯಮ ಇದೇ. ಯಾವುದು ಕೊನೆಗೆ ಬಂದದ್ದು ಅಂತ ವಾದ ಮಾಡುತ್ತಾ ಕೂರಬೇಡಿ.

ಹೊಸೂರು: ಏನೇ ತಪ್ಪಾದರೂ ಎಲ್ಲರಿಗೂ ಚಿಪ್ ವಾಪಸ್ ಕೊಟ್ಟರೆ ಸರಳ ಅಲ್ವಾ ಮೇಡಂ?

ಡೀಲರ್ ಮೇಡಂ: ಮೇಲೆ ಹೇಳಿದ್ದೇನೆ. ಓದಿ.

ರಾಣೆಬೆನ್ನೂರು: ಮೇಡಂ, ರಮ್ಮಿಯಲ್ಲಿ ಒಬ್ಬರಿಗೆ 13ರ ಬದಲು 14 ಎಲೆ ಹೋದರೆ ಏನು ಮಾಡಬೇಕು?

ವಿದ್ಯಾನಗರ: ಮೇಡಂ, ಒಂದು ಸೂಕ್ಷ್ಮ. ನಮ್ಮಲ್ಲಿ ಚಿಪ್ ಖಾಲಿಯಾದವರು ಮತ್ತೆ ದೇಣಿಗೆ ಕೊಟ್ಟು ಚಿಪ್ ತೆಗೆದುಕೊಳ್ಳುತ್ತಾರೆ. ಹೆಚ್ಚು ಚಿಪ್ ಇದ್ದವರಿಗೆ ಮಿಕ್ಸರ್ ಬಹುಮಾನ. ಡೀಲರ್ ತಪ್ಪಿನಿಂದ ಟೇಬಲ್‌ಗೆ ಚಿಪ್ ಬಂದರೆ ಹಿರಿಯರು ‘ಬಿಡ್ರಿ, ದಾನಕ್ಕೆ ತಾನೆ’ ಅನ್ನುತ್ತಾರೆ. ಅದು ಒಪ್ಪುವ ಮಾತೇ?

ಡೀಲರ್ ಮೇಡಂ: ಒಪ್ಪುವುದಿಲ್ಲ. ನನಗೆ ಹೆಚ್ಚು ಚಿಂತೆ ಇರುವುದು ಇಲ್ಲೇ. ಆಟಗಾರನಿಗೆ ಜಾಸ್ತಿ ಹೋದರೆ ಕೂಡಲೇ ಕಸಿದುಕೊಂಡು, ಕಮ್ಮಿ ಹೋದರೆ ‘ದಾನ’ ಅನ್ನುವುದು ಮೋಸ. ರೋಗಿಗಳ ಹೆಸರಲ್ಲಿ ಮಾಡಿದರೆ ಇನ್ನೂ ಕೆಟ್ಟದ್ದು. ಕೊಡುವವರು ತಿಳಿದು ಕೊಟ್ಟರೆ ದಾನ. ಬ್ಲ್ಯಾಕ್‌ಜ್ಯಾಕ್‌ಗೆ 2ಕ್ಕೆ 3ರ ಲೆಕ್ಕದಲ್ಲಿ 100ಕ್ಕೆ 150 ಬರಬೇಕು. ಹುಡುಗ 100 ಕೊಟ್ಟ ಅಂದರೆ ಆ 50 ಆಟಗಾರನದು. ಅವನು ಕೇಳದಿದ್ದರೂ ನೀವೇ ಕರೆದು ಕೊಡಬೇಕು. ಜಾಸ್ತಿ ಕೊಟ್ಟದ್ದು ಕೈ ಮುಗಿದು ಮುಂದಿನ ಎಲೆ ಹಂಚಿದ ಮೇಲೆ ಗೊತ್ತಾದರೆ ಬಿಟ್ಟುಬಿಡಿ. ಕಮ್ಮಿ ಕೊಟ್ಟದ್ದು ಆಮೇಲೆ ಗೊತ್ತಾದರೂ ತುಂಬಿಕೊಡಿ. ಸಹಾಯಾರ್ಥ ಆಟದಲ್ಲಿ ತಕ್ಕಡಿ ಆಟಗಾರನ ಕಡೆ ಸ್ವಲ್ಪ ವಾಲಿದರೆ ಏನೂ ಹಾಳಾಗುವುದಿಲ್ಲ.

ಆದರೆ ದುಡ್ಡು ಕೊಟ್ಟು ಚಿಪ್, ಚಿಪ್‌ಗೆ ಮಿಕ್ಸರ್ ಅನ್ನುವ ವಿಷಯ ಮೊದಲು ವಕೀಲರನ್ನು ಕೇಳಿ. ನಾನು ಹೇಳುವುದು ಎಲೆಯ ವಿಷಯ ಮಾತ್ರ.

ಧಾರವಾಡ, ವಕೀಲರು: ನಾನೇ ಹೇಳುತ್ತೇನೆ. ಮಿಕ್ಸರ್ ತೆಗೆಯಿರಿ, ಎರಡನೇ ಸಲದ ಚಿಪ್ ಮಾರಾಟವನ್ನೂ ನಿಲ್ಲಿಸಿ. ಕರ್ನಾಟಕ ಪೊಲೀಸ್ ಕಾಯ್ದೆ 1963ರ 79ನೇ ಕಲಂ ಜೂಜಿನ ಜಾಗ ನಡೆಸುವವರಿಗೆ, 80 ಅಲ್ಲಿ ಆಡುವವರಿಗೆ. ಉದ್ದೇಶ ದಾನ ಅಂತ ವಿನಾಯಿತಿ ಇದೆ ಅಂದುಕೊಳ್ಳಬೇಡಿ. ಗೋವಾದಲ್ಲಿ 1976ರ ಅವರದೇ ಕಾಯ್ದೆ ಇದೆ, ಅದರಡಿ ಕ್ಯಾಸಿನೊಗೆ ಪರವಾನಗಿ ಸಿಗುತ್ತದೆ. ಅದು ಇಲ್ಲಿಗೆ ಬರುವುದಿಲ್ಲ.

ಹಾವೇರಿ: ವಕೀಲರೇ, ದೀಪಾವಳಿಗೆ ಊರೂರಲ್ಲಿ ಅಂದರ್ ಬಾಹರ್ ಆಡುತ್ತಾರೆ. ಅವರನ್ನು ಬಿಟ್ಟು ದಾನ ಮಾಡುವವರಿಗೆ ಕಲಂ ಹೇಳುತ್ತೀರಾ?

ಧಾರವಾಡ, ವಕೀಲರು: ಅವರ ಮೇಲೂ ದಾಳಿ ಆಗುತ್ತದೆ. ಹಬ್ಬದ ಮರುದಿನ ಪೇಪರ್ ಓದಿ.

ಹಾವೇರಿ: ಇಸ್ಪೀಟು ಕೌಶಲದ ಆಟ ಅಂತ ಸುಪ್ರೀಂ ಕೋರ್ಟೇ ಹೇಳಿದೆಯಲ್ಲ.

ಧಾರವಾಡ, ವಕೀಲರು: 1968ರಲ್ಲಿ ಹೇಳಿದ್ದು ರಮ್ಮಿಗೆ. ಎಲ್ಲ ಇಸ್ಪೀಟಿಗಲ್ಲ. ಅರ್ಧ ತೀರ್ಪು ಓದಿ ಜನರನ್ನು ಸ್ಟೇಷನ್‌ಗೆ ಕಳಿಸಬೇಡಿ.

ಹಾವೇರಿ: ನಿಮ್ಮಂಥವರಿಂದಲೇ ಯಾರೂ ಒಳ್ಳೆ ಕೆಲಸಕ್ಕೆ ಮುಂದೆ ಬರುವುದಿಲ್ಲ.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಎಲ್ಲ ಸಂಘಗಳಿಗೂ ಹೇಳುತ್ತಿದ್ದೇನೆ. ಚಿಪ್ ಮಾರುವ ಹಾಗಿಲ್ಲ, ವಸ್ತು ಬಹುಮಾನವೂ ಬೇಡ.

ಗೋಕುಲ ರೋಡ್: ಅಕ್ಕಾ, ಇನ್ನೊಂದು ಫಾರ್ವರ್ಡ್. ‘ಎರಡು ಎಲೆ ಅಂಟಿಕೊಂಡು ಬರದಂತೆ ಕಟ್ಟಿಗೆ ಪೌಡರ್ ಹಚ್ಚಿ, ಡೀಲರ್ ತಪ್ಪು ಸೊನ್ನೆ.’

ಡೀಲರ್ ಮೇಡಂ: ಹಚ್ಚಬೇಡಿ! ಪೌಡರ್ ಎಲ್ಲ ಎಲೆಗೂ ಸಮ ಕೂರುವುದಿಲ್ಲ. ಒಂದು ಜಾರುತ್ತದೆ, ಒಂದು ತಡೆಯುತ್ತದೆ. ಹಿಂಬದಿಯಲ್ಲಿ ಬೆರಳಚ್ಚು ಮೂಡುತ್ತದೆ. ಒಂದು ಗಂಟೆಯಲ್ಲಿ ಕಣ್ಣು ಚುರುಕಿದ್ದವನಿಗೆ ಎಕ್ಕ ಯಾವುದು ಅಂತ ಹಿಂದಿನಿಂದಲೇ ಗೊತ್ತಾಗುತ್ತದೆ. ಪ್ಲಾಸ್ಟಿಕ್ ಎಲೆಯ ಹೊಸ ಕಟ್ಟು ತನ್ನಿ. ಎಣ್ಣೆ ತಿಂಡಿಯ ತಟ್ಟೆಯನ್ನು ಟೇಬಲ್‌ನಿಂದ ದೂರ ಇಡಿ. ಗಿರಮಿಟ್ಟು ತಿಂದ ಕೈ ಒರೆಸಲು ಬಟ್ಟೆ ಕೊಡಿ. ಫಾರ್ವರ್ಡ್ ಇನ್ನು ಸಾಕು.

ಗೋಕುಲ ರೋಡ್: ಕೇಳಿದ್ದಕ್ಕೆ ಯಾಕೆ ಸಿಟ್ಟು? ಒಳ್ಳೆಯದಾಗಲಿ ಅಂತ ಹಾಕಿದೆ.

ನವನಗರ: ಪ್ರತಿ ಗುಂಪಿನಲ್ಲೂ ನಿಮ್ಮದು ಇದೇ ಕೆಲಸ.

ಅಣ್ಣಿಗೇರಿ: ಗೋವಾದಲ್ಲಿ ಡೀಲರ್‌ಗೆ ಪಗಾರ ಎಷ್ಟು ಮೇಡಂ? ನಮ್ಮ ತಮ್ಮನಿಗೆ ಕೇಳುತ್ತಿದ್ದೆ.

ಕೇಶ್ವಾಪುರ: ಕೊನೆಯದಾಗಿ, ನಮ್ಮ ಹುಡುಗರಿಗೆ ಒಂದು ಗಂಟೆ ತರಬೇತಿ ಕೊಡುವುದಾದರೆ ಏನು ಕಲಿಸಲಿ?

ಡೀಲರ್ ಮೇಡಂ: ಬೇಗ ಹಂಚುವುದನ್ನು ಕಲಿಸಬೇಡಿ. ಪ್ರತಿ ಆಟಗಾರನ ಮುಂದೆ ನಿಂತು ಒಟ್ಟು ಎಷ್ಟು ಅಂತ ಗಟ್ಟಿಯಾಗಿ ಹೇಳಲಿ: ‘ಹನ್ನೆರಡು.’ ಆಟಗಾರ ಬಾಯಲ್ಲಿ ಹೇಳಿದರೆ ಸಾಲದು, ಕೈ ಸನ್ನೆ ಬೇಕು. ಬೇಕಾದರೆ ತಟ್ಟುವುದು, ಬೇಡವಾದರೆ ಅಂಗೈ ಅಡ್ಡ ಆಡಿಸುವುದು. ಗದ್ದಲದಲ್ಲಿ ‘ಬೇಕು’, ‘ಬೇಡ’ ಎರಡೂ ಒಂದೇ ಥರ ಕೇಳುತ್ತವೆ. ಎಲೆ ಎತ್ತುವಾಗ ಬಲಗಡೆಯಿಂದ ಒಂದೊಂದೇ ಕೈಯ ಎಲೆಗಳನ್ನು ಸಾಲಾಗಿ ಎತ್ತಿ, ಅದೇ ಕ್ರಮದಲ್ಲಿ ಇಡಬೇಕು. ಆಮೇಲೆ ತಕರಾರು ಬಂದರೆ ಹಿಂದಕ್ಕೆ ಬಿಚ್ಚಿ ಯಾರಿಗೆ ಏನು ಬಂದಿತ್ತು ಅಂತ ತೋರಿಸಬಹುದು. ನಿಮ್ಮಲ್ಲಿ ಕ್ಯಾಮೆರಾ ಇರುವುದಿಲ್ಲ. ಆ ಕ್ರಮವೇ ಸಾಕ್ಷಿ.

ತೀರ್ಪು ಕೊಡುವವರು ಡೀಲರ್ ಆಗಿರಬಾರದು, ಆ ಟೇಬಲ್‌ನಲ್ಲಿ ಆಡುವವರೂ ಆಗಿರಬಾರದು. ಎರಡು ಟೇಬಲ್‌ಗೆ ಒಬ್ಬರನ್ನು ನಿಲ್ಲಿಸಿ. ಅವರು ಮೊದಲು ಡೀಲರ್ ಮಾತು ಕೇಳಲಿ, ಆಮೇಲೆ ಆಟಗಾರರದು. ಎಲ್ಲರ ಮುಂದೆ ಡೀಲರ್‌ನನ್ನು ಬೈಯಬಾರದು. ಬೈಸಿಕೊಂಡ ಹುಡುಗ ಮುಂದಿನ ತಪ್ಪನ್ನು ಮುಚ್ಚಿಡುತ್ತಾನೆ.

ಹೊಸೂರು: ಹಾಗಾದರೆ ಚಿಪ್ ವಾಪಸ್ ಕೊಡುವುದೇ ಬೇಡವಾ?

ಸಪ್ತಾಪುರ: ಅಯ್ಯೋ, ಮೇಲೆ ಓದಿ ಅಂದರಲ್ಲ ರೀ!

ಹೊಸೂರು: ನಾನು ಮೇಡಂರನ್ನು ಕೇಳಿದ್ದು, ನಿಮ್ಮನ್ನಲ್ಲ.

ಡೀಲರ್ ಮೇಡಂ: ತಪ್ಪು ಮುಟ್ಟಿದವರಿಗೆ ಮಾತ್ರ. ಇದು ಮೂರನೇ ಸಲ. ಇವತ್ತಿಗೆ ಸಾಕು.

ರಾಣೆಬೆನ್ನೂರು: ನನ್ನ 14 ಎಲೆಯ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ.