ಸ್ಕೀ ಸಾಮಗ್ರಿ ಕೊಳ್ಳಲು ಅಗ್ಗದ ಕಾಲ ಯಾವುದು?

ಪ್ರಶ್ನೆ: ಅಮೆರಿಕದ ಡೆನ್ವರ್‌ಗೆ ಬಂದು ಎರಡು ಚಳಿಗಾಲವನ್ನು ಬಾಡಿಗೆಯ ಸ್ಕೀಗಳಲ್ಲೇ (ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟುವ ಉದ್ದನೆಯ ಪಟ್ಟಿಗಳು) ಕಳೆದ ನಾನು ಈಗ ಸ್ವಂತಕ್ಕೆ ಕೊಳ್ಳಬೇಕೆಂದಿದ್ದೇನೆ. ಡಿಸೆಂಬರಿನ ಬೆಲೆ ಕೈಗೆಟುಕುವಂತಿಲ್ಲ. ಯಾವಾಗ ಕೊಂಡರೆ ಅಗ್ಗವಾದೀತು?

ಉತ್ತರ 1: ಮಾರ್ಚ್ ಕೊನೆಯವರೆಗೆ ಕಾಯಿರಿ. ಹೊಸ ಮಾದರಿಗಳಿಗೆ ಜಾಗ ಮಾಡಿಕೊಳ್ಳಬೇಕಾದ ಅಂಗಡಿಗಳು ಉಳಿದ ಸರಕನ್ನು ಆಗ ರಿಯಾಯಿತಿಯಲ್ಲಿ ಮಾರುತ್ತವೆ. ಬಾಡಿಗೆಗೆ ಕೊಡುವ ಅಂಗಡಿಯವರೂ ಬಳಸಿದ ಸ್ಕೀಗಳನ್ನು ಆಗಲೇ ಮಾರಾಟಕ್ಕಿಡುತ್ತಾರೆ. ಆದರೆ ಸಾಮಾನ್ಯ ಅಳತೆಗಳು ಬೇಗ ಖಾಲಿಯಾಗುತ್ತವೆ.

ಉತ್ತರ 2: ಬೂಟನ್ನು ಮಾತ್ರ ರಿಯಾಯಿತಿ ನೋಡಿ ಕೊಳ್ಳಬೇಡಿ. ಅದರ ಮೇಲಿನ ಸಂಖ್ಯೆ ಪಾದದ ಉದ್ದವನ್ನು ಸೆಂಟಿಮೀಟರಿನಲ್ಲಿ ಹೇಳುತ್ತದೆ, ಅಗಲವನ್ನಲ್ಲ, 26.5 ಎಂಬುದನ್ನಷ್ಟೇ ಕಂಡು ನಾನು ಅರ್ಧ ಬೆಲೆಗೆ ತಂದ ಬೂಟು, ಎರಡು ಸಲ ಇಳಿಜಾರು ಇಳಿಯುವಷ್ಟರಲ್ಲಿ ಕಿರುಬೆರಳನ್ನು ಮರಗಟ್ಟಿಸಿತು.

ಉತ್ತರ 3: ಅಕ್ಟೋಬರ್, ನವೆಂಬರಿನ ಹಳೆಯ ಸ್ಕೀಗಳ ಸಂತೆಗಳನ್ನೂ ನೋಡಿ, ಮಕ್ಕಳ ಅಳತೆಗಳಿಗಂತೂ ಅವೇ ಲೇಸು. ಬಳಸಿದ ಹೆಲ್ಮೆಟ್ ಬೇಡ. ಬೂಟನ್ನು ಸ್ಕೀಗೆ ಬಿಗಿಯುವ ಹಳೆಯ ಬೈಂಡಿಂಗನ್ನು ತಂತ್ರಜ್ಞರಿಗೆ ತೋರಿಸದೆ ಹಣ ಕೊಡಬೇಡಿ.