ಹಿತ್ತಲ ಗೋಡೆಗೆ ಥಂಡಿ: ಗಿಡ, ಹಕ್ಕಿಗೂಡು ಎಲ್ಲ ತೆಗೆಯಲೇಬೇಕಾ?

ಪ್ರಶ್ನೆ (ಕೋಟೆ, ಚಿಕ್ಕಮಗಳೂರು):
ಎಂಜಿನಿಯರ್ ಸಾರ್, ನಮಸ್ಕಾರ. ನಮ್ಮದು ಮಾವನವರ ಕಾಲದ ಹೆಂಚಿನ ಮನೆ, ಇಟ್ಟಿಗೆ ಗೋಡೆ, ಒಳಗೆ ಮಣ್ಣಿನ ಗಾರೆ. ಅಡುಗೆಮನೆಯ ಹಿಂದಿನ ಗೋಡೆಗೆ ಸೊಂಟದ ಮಟ್ಟದವರೆಗೂ ಥಂಡಿ ಹಿಡಿದು, ಒಳಗಿನ ಪ್ಲಾಸ್ಟರ್ ಹಪ್ಪಳದ ಹಾಗೆ ಎದ್ದು ಬೀಳ್ತಿದೆ. ವಾಟರ್‌ಪ್ರೂಫ್ ಪೇಂಟ್ ಹೊಡೆಸಿ ನೋಡಿದ್ದಾಯ್ತು, ಮಳೆಗಾಲ ಬಂದ್ರೆ ಮತ್ತೆ ಅದೇ ಕಥೆ. ಗಿಡ ಎಲ್ಲ ಕಿತ್ತು, ಜೆಸಿಬಿ ತಂದು ಹಿತ್ತಲು ಮಟ್ಟ ಮಾಡಿ, ಪೂರ್ತಿ ಕಾಂಕ್ರೀಟ್ ಹಾಕಿಬಿಡೋಣ ಅಂತಾರೆ ಮೇಸ್ತ್ರಿ. ಆ ಗೋಡೆ ಪಕ್ಕದಲ್ಲೇ ಅತ್ತೆ ನೆಟ್ಟ ಕರಿಬೇವಿನ ಮರ, ದಾಸವಾಳ, ಬಸಳೆ ಚಪ್ಪರ ಇವೆ. ದಾಸವಾಳದಲ್ಲಿ ವರ್ಷವರ್ಷವೂ ಜುಟ್ಟಿನ ಪಿಕಳಾರ ಗೂಡು ಕಟ್ಟುತ್ತೆ. ಮೂಲೆಯ ಹಳೇ ಹೆಂಚಿನ ರಾಶಿಯಲ್ಲಿ ಒಂದು ಕೇರೆ ಹಾವಿದೆ. ಅದು ಬಂದ ಮೇಲೆ ಇಲಿ ಕಾಟ ತಪ್ಪಿದೆ. ಗೋಡೆ ಹಾಗೇ ಬಿಡೋ ಹಾಗಿಲ್ಲ, ಅದು ಗೊತ್ತು. ಆದ್ರೂ ಇಷ್ಟನ್ನೆಲ್ಲ ಕಳ್ಕೊಳ್ಳಲೇಬೇಕಾ?

ಉತ್ತರ (ಸಿವಿಲ್ ಎಂಜಿನಿಯರ್):
ಮೇಡಂ, ಎಲ್ಲ ಬೇಡ, ಆದರೆ ಗೋಡೆಯಿಂದ ಮೂರು ಅಡಿ ಜಾಗ ಬಿಟ್ಟುಕೊಡಲೇಬೇಕು. ನೀವು ಹಾಕಿದ ಫೋಟೋದಲ್ಲೇ ಕಾರಣ ಕಾಣ್ತಿದೆ. ಹೊರಗಿನ ಮಣ್ಣು ನಿಮ್ಮ ಅಡುಗೆಮನೆಯ ನೆಲಕ್ಕಿಂತ ಮೇಲಿದೆ. ಗಿಡದ ಬುಡಕ್ಕೆ ಗೊಬ್ಬರ, ಬೂದಿ, ಕಸ ಸುರಿದೂ ಸುರಿದೂ ಹಿತ್ತಲು ತಾನಾಗಿ ಏರಿರುತ್ತೆ. ಹಳೇ ಮನೆಗಳಲ್ಲಿ ಇದು ಮಾಮೂಲು. ಆ ಒದ್ದೆ ಮಣ್ಣಿನ ನೀರನ್ನು ಇಟ್ಟಿಗೆ ಹೀರಿಕೊಂಡು ಮೇಲಕ್ಕೆಳೆಯುತ್ತೆ. ಒಳಗಿನಿಂದ ಏನು ಪೇಂಟ್ ಹೊಡೆದರೂ ದುಡ್ಡು ದಂಡ.

ಆಗಬೇಕಾದ ಕೆಲಸ ಇದು. ಗೋಡೆಯ ಪಕ್ಕ ಮೂರಡಿ ಅಗಲಕ್ಕೆ ಮಣ್ಣು ತೆಗೆದು, ಮೇಲೆ ಕಾಂಕ್ರೀಟ್ ಹಾಕಿದ ಮೇಲೂ ಒಳಗಿನ ನೆಲಕ್ಕಿಂತ ಕನಿಷ್ಠ 6 ಇಂಚು ಕೆಳಗಿರುವಷ್ಟು ಇಳಿಸಿ. ಅದರ ಮೇಲೆ ಜಲ್ಲಿ ಬಡಿದು ಕಾಂಕ್ರೀಟ್ ಪಟ್ಟಿ ಹಾಕಿಸಿ, ಮೂರಡಿಗೆ ಒಂದು ಇಂಚಿನಷ್ಟು ಇಳಿಜಾರು ಹೊರಗಡೆಗೆ ಇರಲಿ. ಸೂರಿನ ನೀರು ಬುಡಕ್ಕೇ ಬಿದ್ದು ಗೋಡೆಗೆ ಸಿಡೀತಿದ್ದರೆ ತಗಡಿನ ದೋಣಿ ಕಟ್ಟಿಸಿ. ಇಷ್ಟೇ. ಮೂರಡಿ ಆಚೆ ಒಂದು ಬಾಣಲೆ ಕಾಂಕ್ರೀಟೂ ಬೇಕಿಲ್ಲ. ಹಿತ್ತಲು ಪೂರ್ತಿ ಮುಚ್ಚಿದರೆ ಮಳೆ ನೀರು ಇಂಗಲು ಜಾಗವಿರಲ್ಲ, ಇಳಿಜಾರು ಒಂಚೂರು ತಪ್ಪಿದರೂ ಅದೇ ನೀರು ಗೋಡೆಗೇ ಬಂದು ನಿಲ್ಲುತ್ತೆ. ಮೇಸ್ತ್ರಿಗಳಿಗೆ ಪೂರ್ತಿ ಬಳಿಯೋದು ಸುಲಭ, ಚದರಡಿ ಲೆಕ್ಕವೂ ದೊಡ್ಡದಾಗುತ್ತೆ ಅನ್ನೋದು ಬೇರೆ ಮಾತು.

ಜೆಸಿಬಿ ಖಂಡಿತ ಬೇಡ. ಅದರ ಭಾರಕ್ಕೆ ಮಣ್ಣು ಗಟ್ಟಿಯಾಗಿ ಕೂತರೆ ವರ್ಷಗಟ್ಟಲೆ ಗಿಡ ಏಳಲ್ಲ. ಮಣ್ಣಿನ ಗಾರೆಯ ಗೋಡೆಗೂ ಆ ಅದುರು ಒಳ್ಳೇದಲ್ಲ. ಗುದ್ದಲಿ, ಪಿಕಾಸಿಯಲ್ಲೇ ತೆಗೆಸಿ. ಉದ್ದಕ್ಕೂ ಒಂದೇ ದಿನ ಅಗೆಯದೆ ಐದಾರು ಅಡಿಯಂತೆ ಬಿಟ್ಟು ಬಿಟ್ಟು ತೆಗೆಸಿ. ಪಾಯದ ಕಲ್ಲಿನ ತಳ ಮಾತ್ರ ಕಾಣಬಾರದು.

ಇನ್ನು ಕಾಲ. ಮಳೆ ಪೂರ್ತಿ ನಿಂತ ಮೇಲೆ, ಅಂದರೆ ದೀಪಾವಳಿ ಕಳೆದು ನವೆಂಬರ್ ನಡುವಿನಿಂದ ಡಿಸೆಂಬರ್ ಒಳಗೆ ಹೊರಗಿನ ಕೆಲಸ ಮುಗಿಸಿ. ವರ್ಷದ ಕೊನೆಯಿಂದ ಮುಂಗಾರಿನವರೆಗೂ ಪಿಕಳಾರಗಳು ಗೂಡು ಕಟ್ಟುವ ಕಾಲ. ಬೇಸಿಗೇಲಿ ಮಾಡಿಸೋಣ ಅಂತ ಎಲ್ಲರೂ ಮುಂದೂಡ್ತಾರೆ, ಆಗ ಸರಿಯಾಗಿ ಮೊಟ್ಟೆ ಇರುತ್ತೆ. ಒಳಗಿನ ಪ್ಲಾಸ್ಟರ್‌ಗೆ ಅವಸರವಿಲ್ಲ. ಎದ್ದಿರೋದನ್ನು ಈಗ ಕಿತ್ತು, ಗೋಡೆ ಏಪ್ರಿಲ್‌ವರೆಗೆ ಆರಲಿ. ಆಮೇಲೆ ಸುಣ್ಣದ ಗಾರೆ ಮಾಡಿಸಿ. ಹಳೇ ಗೋಡೆಗೆ ಸಿಮೆಂಟ್ ಬಡಿದರೆ ಥಂಡಿ ಒಳಗೇ ಉಳಿದು ಇನ್ನೂ ಮೇಲಕ್ಕೇರುತ್ತೆ.

ಪ್ರಶ್ನೆ (ಅವರೇ):
ಕರಿಬೇವು ಗೋಡೆಯಿಂದ ಎರಡಡಿಯೂ ಇಲ್ಲ ಸಾರ್. ಅದರಲ್ಲಿ ಕಪ್ಪು ಚಿಟ್ಟೆಗಳೂ ಮೊಟ್ಟೆ ಇಡ್ತವೆ.

ಉತ್ತರ:
ಆ ಮರ ಹೋಗುತ್ತೆ ಮೇಡಂ, ಸುಳ್ಳು ಸಮಾಧಾನ ಹೇಳಲ್ಲ. ದೊಡ್ಡ ಕರಿಬೇವನ್ನು ಕಿತ್ತು ನೆಟ್ಟರೆ ಬದುಕೋದು ಅಪರೂಪ. ಆದರೆ ಬುಡದ ಸುತ್ತ ಬೇರಿನಿಂದ ಎದ್ದ ಮರಿಗಳಿರ್ತಾವಲ್ಲ, ಅವನ್ನು ಈಗಲೇ ಬೇರು ಸಮೇತ ಬಿಡಿಸಿ ಕವರಿನಲ್ಲಿ ನೆಟ್ಟು ನೆರಳಲ್ಲಿಡಿ. ಮರ ಕಡಿಯೋ ಮೊದಲು ಎಲೆ ತಿರುಗಿಸಿ ನೋಡಿ. ಹಕ್ಕಿ ಪಿಷ್ಟೆಯ ಹಾಗೆ ಕಂದು ಬಿಳಿ ಬಣ್ಣದ ಸಣ್ಣ ಹುಳ ಇದ್ದರೆ ಅದೇ ಆ ಚಿಟ್ಟೆಯ ಮರಿ, ದೊಡ್ಡದಾದರೆ ಹಸಿರಾಗುತ್ತೆ. ಆ ರೆಂಬೆ ಕತ್ತರಿಸಿ ಮರಿಗಿಡಕ್ಕೆ ಕಟ್ಟಿ, ಹುಳ ತಾನೇ ದಾಟಿಕೊಳ್ಳುತ್ತೆ. ಲಿಂಬೆ ಗಿಡ ಇದ್ದರೂ ಆಗುತ್ತೆ, ಅದರ ಎಲೆಯನ್ನೂ ತಿನ್ನುತ್ತೆ.

ದಾಸವಾಳ ಸಾಗಿಸಬಹುದು. ಅರ್ಧಕ್ಕೆ ಸವರಿ, ಬುಡದಿಂದ ಒಂದೂವರೆ ಅಡಿ ದೂರದಲ್ಲಿ ಸುತ್ತ ಅಗೆದು, ಮಣ್ಣಿನ ಹೆಂಟೆ ಒಡೆಯದಂತೆ ಒದ್ದೆ ಗೋಣಿ ಸುತ್ತಿ ಎತ್ತಿಸಿ. ಸವರಿದ ಕಡ್ಡಿಗಳನ್ನೂ ನೆಡಿ, ಒಂದು ಹೋದರೆ ಇನ್ನೊಂದು. ಬಸಳೆ ಬಗ್ಗೆ ತಲೆ ಕೆಡಿಸ್ಕೋಬೇಡಿ, ತುಂಡು ಬಿಸಾಡಿದ ಕಡೆ ಬರುತ್ತೆ.

ಪ್ರತಿಕ್ರಿಯೆ (ಹಾಸನ):
ಹಕ್ಕಿ, ಹುಳ ಅಂತ ಕೂತರೆ ಮನೆ ಬೀಳುತ್ತೆ ಅಷ್ಟೇ.

ಉತ್ತರ:
ಸಾರ್, ಮೇಲೆ ಹೇಳಿದ್ದರಲ್ಲಿ ಗೋಡೆಗೆ ಬೇಕಾದ್ದು ಒಂದನ್ನೂ ಬಿಟ್ಟಿಲ್ಲ.

ಪ್ರಶ್ನೆ (ಬೇಲೂರು ರಸ್ತೆ, ಹಾಸನ):
ನಮ್ಮಲ್ಲಿ ಸಾರುವೆ ಕಟ್ಟಿ ಕೆಲಸ ಶುರುವಾದ ಮೇಲೆ ಗೂಡು ಕಂಡಿತು. ಮೊಟ್ಟೆ ಇದೆ. ಗೂಡನ್ನು ಪಕ್ಕದ ಗಿಡಕ್ಕೆ ಇಡಬಹುದಾ?

ಉತ್ತರ:
ಇಡಬೇಡಿ, ತಾಯಿ ಬಿಟ್ಟುಹೋಗೋದೇ ಹೆಚ್ಚು. ಪಿಕಳಾರವಾದರೆ ಮೊಟ್ಟೆ ಒಡೆಯಲು ಹನ್ನೆರಡು ದಿನ, ಮರಿ ಗೂಡು ಬಿಡಲು ಇನ್ನೂ ಹತ್ತಿರ ಹತ್ತಿರ ಅಷ್ಟೇ. ಆ ಭಾಗ ಬಿಟ್ಟು ಮನೆಯ ಇನ್ನೊಂದು ಬದಿಯ ಕೆಲಸ ಮುಂದಕ್ಕೆ ತಗೊಳ್ಳಿ. ಮೇಸ್ತ್ರಿಗೆ ಕೆಲಸ ಇದ್ದರೆ ಸಾಕು, ಎಡಗಡೆಯೋ ಬಲಗಡೆಯೋ ಅವರಿಗೆ ಒಂದೇ.

ಪ್ರಶ್ನೆ (ಅಜ್ಜಂಪುರ):
ಗೋಡೆಯಿಂದ ಹತ್ತಡಿ ದೂರ ಬೇವಿನ ಮರ. ಗೋಡೆ ಸೀಳಿದೆ. ಬೇರಿನಿಂದ ಅಂತ ಎಲ್ಲರೂ ಕಡಿಸು ಅಂತಾರೆ.

ಉತ್ತರ:
ನಿಮ್ಮದು ಎರೆಮಣ್ಣು. ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗೋದು ಅದರ ಗುಣ. ಮರವಿಲ್ಲದ ಮನೆಯೂ ಸೀಳುತ್ತೆ, ಮರ ಇದ್ದರೆ ನೀರು ಎಳೆದು ಕುಗ್ಗೋದು ಜಾಸ್ತಿ. ಸೀಳಿನ ಎರಡೂ ಕಡೆ ಪೆನ್ಸಿಲ್ ಗುರುತು ಹಾಕಿ ಒಂದು ಮಳೆಗಾಲ, ಒಂದು ಬೇಸಿಗೆ ಅಳೆಯಿರಿ. ಅವಸರದಲ್ಲಿ ದೊಡ್ಡ ಮರ ಕಡಿದರೆ ಮಣ್ಣಿನಲ್ಲಿ ನೀರು ಹೆಚ್ಚಿ ಉಬ್ಬಿ, ಹೊಸ ಸೀಳು ಬಂದಿದ್ದೂ ಉಂಟು. ಕಡಿಯಲೇಬೇಕಾದರೆ 1976ರ ಮರ ಸಂರಕ್ಷಣಾ ಕಾಯ್ದೆ ಇದೆ, ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ ಅನುಮತಿ ತಗೊಳ್ಳಿ.

ಪ್ರಶ್ನೆ (ಕೋಟೆಯವರು):
ಹೆಂಚಿನ ರಾಶಿ? ಹಾವು ಕಂಡರೆ ಕೆಲಸದವರು ಹೊಡೀತಾರೆ ಅಂತ ಭಯ.

ಉತ್ತರ:
ಹೊಡೆಯೋದು ಕಾನೂನು ಪ್ರಕಾರ ಅಪರಾಧ, 1972ರ ವನ್ಯಜೀವಿ ಕಾಯ್ದೆ ಇದೆ. ಅವರಿಗೆ ಮೊದಲೇ ಹೇಳಿಡಿ. ಕೆಲಸ ಶುರುವಾಗೋ ವಾರ ಮೊದಲು ಹಿತ್ತಲ ಆ ತುದಿಯಲ್ಲಿ ಕಲ್ಲು, ಒಣರೆಂಬೆ ಹಾಕಿ ಇನ್ನೊಂದು ರಾಶಿ ಮಾಡಿ. ಬಿಸಿಲು ಏರಿದ ಮೇಲೆ ಗೋಡೆ ಕಡೆಯಿಂದ ಆಚೆಗೆ ಒಂದೊಂದೇ ಹೆಂಚು ತೆಗೆಸಿ, ಹಾವಿಗೆ ದಾರಿ ಸಿಗಲಿ. ಬರಿಗೈ ಹಾಕಬಾರದು; ಕೇರೆ ಇರೋ ಜಾಗದಲ್ಲಿ ಕೊಳಕುಮಂಡಲವೂ ಇರಬಹುದು. ನಾಗರವೋ ಮಂಡಲವೋ ಕಂಡರೆ ಕೆಲಸ ನಿಲ್ಲಿಸಿ ಹಾವು ಹಿಡಿಯುವವರನ್ನು ಕರೆಸಿ.

ಇನ್ನೊಂದು. ಸಿಮೆಂಟ್ ಬಾಂಡ್ಲಿ ತೊಳೆದ ನೀರು ತೀರಾ ಕ್ಷಾರ, ಗಿಡದ ಬೇರನ್ನೂ ಕಪ್ಪೆಯನ್ನೂ ಸುಡುತ್ತೆ. ಗೇಟಿನ ಹತ್ತಿರ ಗುಂಡಿ ತೋಡಿ ಟಾರ್ಪಾಲ್ ಹಾಸಿ, ಅಲ್ಲೇ ತೊಳೀಲಿ. ಉಳಿಸೋ ಜಾಗಕ್ಕೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದು ಹಗ್ಗ ಕಟ್ಟಿ. ಬರೀ ಬಾಯಲ್ಲಿ ಹೇಳಿದರೆ ಮಧ್ಯಾಹ್ನದೊಳಗೆ ಅಲ್ಲೇ ಜಲ್ಲಿ ಬಿದ್ದಿರುತ್ತೆ.

ಪ್ರಶ್ನೆ (ಕೋಟೆಯವರು):
ಕಾಂಕ್ರೀಟ್ ಪಟ್ಟಿ ಮೇಲೆ ಕುಂಡ ಇಡಬಹುದಾ ಸಾರ್?

ಉತ್ತರ:
ಇಡಿ, ಗೋಡೆಗೆ ತಾಗಿಸದೆ, ತಳಕ್ಕೆ ಇಟ್ಟಿಗೆ ತುಂಡು ಕೊಟ್ಟು. ಬಸಳೆ ಚಪ್ಪರಕ್ಕೆ ಮಾತ್ರ ಗೋಡೆಗೆ ಮೊಳೆ ಹೊಡೀಬೇಡಿ, ಅದು ಮೂರಡಿ ಆಚೆಗೇ ಇರಲಿ.